ಹನ್ನೆರಡರಲ್ಲಿ ಮೂರೋ ನಾಲ್ಕೋ? ವಿದ್ಯುತ್ ಕ್ಷೇತ್ರದ ಚಿತ್ರವನ್ನು ಓದುವ ಬಗೆ

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. +4 ಮತ್ತು −1 ಏಕಮಾನದ ಎರಡು ಬಿಂದು ಆವೇಶಗಳನ್ನು 5 ಸೆಂ.ಮೀ. ಅಂತರದಲ್ಲಿಟ್ಟು, ಅವುಗಳ ಕ್ಷೇತ್ರ ರೇಖೆಗಳನ್ನು (ವಿದ್ಯುತ್ ಬಲದ ದಿಕ್ಕನ್ನು ತೋರಿಸುವ ಗೆರೆಗಳನ್ನು) ಬಿಡಿಸುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಧನ ಆವೇಶದಿಂದ 30 ಡಿಗ್ರಿಗೆ ಒಂದರಂತೆ 12 ರೇಖೆಗಳು ಹೊರಡುತ್ತವೆ. ಎರಡು ಆವೇಶಗಳನ್ನು ಸೇರಿಸುವ ಅಕ್ಷದಿಂದ ಮೊದಲ ರೇಖೆಗಳು ಇಕ್ಕೆಲಗಳಲ್ಲಿ 15 ಡಿಗ್ರಿಯಲ್ಲಿವೆ. ರೇಖೆಗಳ ಸಂಖ್ಯೆ ಆವೇಶದ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂದು ಓದಿದ್ದರಿಂದ, ಋಣ ಆವೇಶದಲ್ಲಿ 3 ರೇಖೆಗಳು ಕೊನೆಗೊಳ್ಳಬೇಕೆಂದು ಎಣಿಸಿದ್ದೆ. ಎಷ್ಟು ಸಲ ಓಡಿಸಿದರೂ 4 ಬರುತ್ತಿವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಇದೆ. ರೇಖೆಗಳು ಅಕ್ಷದ ಎರಡೂ ಬದಿಗೆ ಜೋಡಿಜೋಡಿಯಾಗಿ ಇರುವಾಗ ಬೆಸಸಂಖ್ಯೆ ಬರುವಂತೆಯೇ ಇಲ್ಲ ಎಂಬುದು ಒಂದು ಮಾತು. ಆದರೆ ಕಾರಣ ಅಷ್ಟೇ ಆಗಿದ್ದರೆ, ರೇಖೆಗಳನ್ನು 120ಕ್ಕೆ ಏರಿಸಿದಾಗ 30 ಬರಬೇಕಿತ್ತು. ಏರಿಸಿ ನೋಡಿ, 40 ಬರುತ್ತವೆ. ನೀವು ಓದಿದ ನಿಯಮ ಮೂರು ಆಯಾಮಗಳ ಅವಕಾಶಕ್ಕೆ ಸೇರಿದ್ದು, ನೀವು ಬಿಡಿಸಿರುವುದು ಕಾಗದದಂಥ ಸಮತಲದಲ್ಲಿ. ವ್ಯತ್ಯಾಸ ಇರುವುದು ಇಲ್ಲಿಯೇ.

+4 ಆವೇಶದ ತೀರ ಹತ್ತಿರ ಒಂದು ಪುಟ್ಟ ಗೋಳವನ್ನು ಕಲ್ಪಿಸಿಕೊಳ್ಳಿ. ಅಷ್ಟು ಸಮೀಪದಲ್ಲಿ ಇನ್ನೊಂದು ಆವೇಶದ ಪ್ರಭಾವ ನಗಣ್ಯವಾದ್ದರಿಂದ, ರೇಖೆಗಳು ಗೋಳದ ಮೇಲ್ಮೈಯಿಂದ ಎಲ್ಲ ದಿಕ್ಕಿಗೂ ಸಮನಾಗಿ ಹೊರಡುತ್ತವೆ. ನೀವು ಓದಿದ ನಿಯಮದ ಮೂಲವಾದ ಗಾಸ್ ನಿಯಮದ ಪ್ರಕಾರ ಇವುಗಳಲ್ಲಿ ಕಾಲುಭಾಗ −1 ಆವೇಶವನ್ನು ಸೇರಬೇಕು, ಉಳಿದ ಮುಕ್ಕಾಲು ಭಾಗ ಅನಂತಕ್ಕೆ ಹೋಗಬೇಕು. ಹಾಗಾದರೆ ಋಣ ಆವೇಶಕ್ಕೆ ಎದುರಾಗಿರುವ ಟೋಪಿಯಾಕಾರದ ಭಾಗದ ವಿಸ್ತೀರ್ಣ ಇಡೀ ಗೋಳದ ಕಾಲುಭಾಗವಾಗಿರಬೇಕು. ಗೋಳದ ಟೋಪಿಯ ವಿಸ್ತೀರ್ಣ ಅದರ ಎತ್ತರಕ್ಕೆ ಅನುಪಾತದಲ್ಲಿರುವುದರಿಂದ, ಟೋಪಿಯ ಎತ್ತರ ವ್ಯಾಸದ ಕಾಲುಭಾಗ, ಅಂದರೆ ತ್ರಿಜ್ಯದ ಅರ್ಧ. ಅದರ ಅಂಚು ಅಕ್ಷದಿಂದ ಸರಿಯಾಗಿ 60 ಡಿಗ್ರಿಯಲ್ಲಿ ಬೀಳುತ್ತದೆ. ಈ ಮಿತಿಯೊಳಗೆ ಹೊರಟ ರೇಖೆಗಳೆಲ್ಲ −1ನ್ನು ಸೇರುತ್ತವೆ, ಹೊರಗಿನವು ಸೇರುವುದಿಲ್ಲ. ಕಾಗದದ ಮೇಲಾದರೋ ಅಕ್ಷದ ಎರಡೂ ಬದಿಯ 60 ಡಿಗ್ರಿಗಳು ಕೂಡಿ 120 ಆಗುತ್ತವೆ. 360ರಲ್ಲಿ ಅದು ಮೂರನೆಯ ಒಂದು ಭಾಗ. ಹನ್ನೆರಡರ ಮೂರನೆಯ ಒಂದು ಭಾಗವೇ ನಿಮಗೆ ಸಿಕ್ಕ 4.

ಒಂದೇ ಆವೇಶವಿರುವ ಚಿತ್ರದಲ್ಲೂ ಈ ದೋಷ ಅಡಗಿದೆ. ದೂರ ಇಮ್ಮಡಿಯಾದಾಗ ವೃತ್ತದ ಪರಿಧಿಯೂ ಇಮ್ಮಡಿಯಾಗುವುದರಿಂದ ಕಾಗದದ ಮೇಲೆ ರೇಖೆಗಳ ಸಾಂದ್ರತೆ ಅರ್ಧಕ್ಕೆ ಇಳಿಯುತ್ತದೆ, ಆದರೆ ನಿಜವಾದ ಕ್ಷೇತ್ರ ಕೂಲಂಬ್ ನಿಯಮದಂತೆ (ದೂರದ ವರ್ಗಕ್ಕೆ ವಿಲೋಮವಾಗಿ) ಕಾಲುಭಾಗಕ್ಕೆ ಇಳಿಯುತ್ತದೆ. ‘ರೇಖೆಗಳು ಒತ್ತಾಗಿರುವಲ್ಲಿ ಕ್ಷೇತ್ರ ಪ್ರಬಲ’ ಎಂಬ ಮಾತನ್ನು ಕಾಗದದ ಚಿತ್ರಕ್ಕೆ ಸ್ಥೂಲ ಅಂದಾಜಾಗಿ ಮಾತ್ರ ಒಪ್ಪಬಹುದು, ಅಳತೆಯಾಗಿ ಒಪ್ಪಲಾಗದು. ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ಟ್ರೀಮ್‌ಪ್ಲಾಟ್ (ಪೈಥಾನ್‌ನಲ್ಲಿ ಇಂಥ ರೇಖೆಗಳನ್ನು ತಾನೇ ಬಿಡಿಸುವ ಸಿದ್ಧ ಸಾಧನ) ಬಳಸುವವರಿಗಂತೂ ಆ ಅಂದಾಜೂ ಸಿಗುವುದಿಲ್ಲ. ಅದು ಚಿತ್ರದ ತುಂಬ ರೇಖೆಗಳನ್ನು ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ, ಜಾಗ ಇಕ್ಕಟ್ಟಾದಲ್ಲಿ ರೇಖೆಯನ್ನು ನಡುವೆಯೇ ನಿಲ್ಲಿಸುತ್ತದೆ. ಖಾಲಿ ಜಾಗದಲ್ಲಿ ಕೊನೆಗೊಂಡ ರೇಖೆಯನ್ನು ಕಂಡು ಅಲ್ಲೊಂದು ಆವೇಶವಿದೆಯೆಂದು ತಿಳಿಯಬಾರದು.

ಪ್ರಾಬಲ್ಯವನ್ನು ತೋರಿಸಲು ಬಾಣಗಳ ಚಿತ್ರ ಮೇಲು, ಆದರೆ ಅಲ್ಲಿಯೂ ಒಂದು ತೊಡಕಿದೆ. 1 ನ್ಯಾನೋಕೂಲಂಬ್ ಆವೇಶದಿಂದ 10 ಸೆಂ.ಮೀ. ದೂರದಲ್ಲಿ ಕ್ಷೇತ್ರ ಸುಮಾರು 900 ನ್ಯೂಟನ್/ಕೂಲಂಬ್, 1 ಸೆಂ.ಮೀ. ದೂರದಲ್ಲಿ ಸುಮಾರು 90,000. ದೂರದ ಬಾಣವನ್ನು 1 ಮಿ.ಮೀ. ಉದ್ದ ಬಿಡಿಸಿದರೆ ಹತ್ತಿರದ ಬಾಣ 10 ಸೆಂ.ಮೀ. ಆಗಿ ಇಡೀ ಚಿತ್ರವನ್ನೇ ನುಂಗುತ್ತದೆ. ಆದ್ದರಿಂದ ಬಾಣಗಳನ್ನೆಲ್ಲ ಒಂದೇ ಉದ್ದಕ್ಕೆ ತಂದು ದಿಕ್ಕಿಗೆ ಮಾತ್ರ ಬಳಸಿ, ಪ್ರಾಬಲ್ಯವನ್ನು ಲಘುಗಣಕ ಮಾನದ (ಪ್ರತಿ ಹತ್ತುಪಟ್ಟು ಏರಿಕೆಗೂ ಒಂದೇ ಅಳತೆಯ ಹಂತವಿರುವ) ಬಣ್ಣಗಳಲ್ಲಿ ತೋರಿಸಿ.

ನಿಮ್ಮ ಜೋಡಣೆಯಲ್ಲಿ ಇನ್ನೊಂದನ್ನು ಗಮನಿಸಿ: ಅಕ್ಷದ ಮೇಲೆ, −1 ಆವೇಶದ ಆಚೆಗೆ 5 ಸೆಂ.ಮೀ. ದೂರದಲ್ಲಿ, ಒಂದು ಶೂನ್ಯ ಬಿಂದುವಿದೆ. ಅದು +4ರಿಂದ 10 ಸೆಂ.ಮೀ. ದೂರದಲ್ಲಿರುವುದರಿಂದ 4ನ್ನು 100ರಿಂದ ಭಾಗಿಸಿದರೂ 1ನ್ನು 25ರಿಂದ ಭಾಗಿಸಿದರೂ ಒಂದೇ ಬೆಲೆ ಬಂದು, ಎರಡು ಕ್ಷೇತ್ರಗಳೂ ಪರಸ್ಪರ ರದ್ದಾಗುತ್ತವೆ. ರೇಖೆಗಳನ್ನು 15ರ ಬದಲು 0 ಡಿಗ್ರಿಯಿಂದ ಆರಂಭಿಸಿದ್ದರೆ, 60 ಡಿಗ್ರಿಯಲ್ಲಿ ಹೊರಟ ಎರಡು ರೇಖೆಗಳು ನೇರವಾಗಿ ಈ ಬಿಂದುವಿಗೇ ಬರಬೇಕಿತ್ತು. ಲೆಕ್ಕದ ಅತಿ ಸಣ್ಣ ದೋಷವೂ ಅವನ್ನು ಅತ್ತಲೋ ಇತ್ತಲೋ ತಳ್ಳುತ್ತಿದ್ದುದರಿಂದ ನಿಮ್ಮ ಎಣಿಕೆ, ಪ್ರೋಗ್ರಾಂ ರೇಖೆಯನ್ನು ಮುಂದುವರಿಸುವ ಒಂದೊಂದು ಹೆಜ್ಜೆಯ ಅಳತೆಗೆ ತಕ್ಕಂತೆ ಬದಲಾಗುತ್ತಿತ್ತು. 15 ಡಿಗ್ರಿಯ ಆಯ್ಕೆ, ತಿಳಿದೋ ತಿಳಿಯದೆಯೋ, ಒಳ್ಳೆಯದೇ ಆಯಿತು.

ಪ್ರಶ್ನೆ: ಕ್ಷೇತ್ರ ರೇಖೆಯ ಮೇಲೆ ಒಂದು ಧನ ಆವೇಶವನ್ನು ಬಿಟ್ಟರೆ ಅದು ಆ ರೇಖೆಯನ್ನು ಹಿಡಿದೇ ಸಾಗುತ್ತದೆಯೇ?

ಉತ್ತರ: ರೇಖೆ ನೇರವಾಗಿದ್ದರೆ ಮಾತ್ರ. ರೇಖೆಯ ಸ್ಪರ್ಶಕ ತೋರಿಸುವುದು ಬಲದ ದಿಕ್ಕನ್ನು, ವೇಗದ ದಿಕ್ಕನ್ನಲ್ಲ. ಸಮಾನವೂ ವಿರುದ್ಧವೂ ಆದ ಎರಡು ಆವೇಶಗಳ ನಡುವಿನ ಬಾಗಿದ ರೇಖೆಯೊಂದರ ಮೇಲೆ ನಿಶ್ಚಲವಾಗಿ ಬಿಟ್ಟ ಕಣ ಮೊದಲ ಕ್ಷಣ ರೇಖೆಯ ದಿಕ್ಕಿಗೇ ಹೊರಡುತ್ತದೆ. ಆದರೆ ರೇಖೆ ಋಣ ಆವೇಶದ ಕಡೆಗೆ ತಿರುಗುವ ಹೊತ್ತಿಗೆ ಕಣ ವೇಗ ಪಡೆದಿರುವುದರಿಂದ, ಜಡತ್ವದ ಕಾರಣ ಬಾಗಿನ ಹೊರಬದಿಗೆ ಸರಿಯುತ್ತದೆ.