ಲೋಡ್ಯಾಶ್ ಇಂಪೋರ್ಟ್ ಬದಲು ಪೇಜಲ್ಲಿರೋ ಗ್ಲೋಬಲ್ ಬಳಸಿ ಬಂಡಲ್ ಸಣ್ಣ ಮಾಡೋದು ಹೇಗೆ?

ಲೋಡ್ಯಾಶ್ ಅಂದರೆ ಜಾವಾಸ್ಕ್ರಿಪ್ಟ್‌ನ ಸಿದ್ಧ ಫಂಕ್ಷನ್‌ಗಳ ಲೈಬ್ರರಿ, ವೆಬ್‌ಪ್ಯಾಕ್ ಅಂದರೆ ಕೋಡನ್ನೆಲ್ಲ ಸೇರಿಸಿ ಬಂಡಲ್ ಫೈಲ್ ಮಾಡೋ ಟೂಲ್. ವೆಬ್‌ಪ್ಯಾಕ್ ಕಾನ್ಫಿಗ್‌ನ ಎಕ್ಸ್‌ಟರ್ನಲ್ಸ್‌ನಲ್ಲಿ (ಬಂಡಲ್‌ಗೆ ಸೇರಿಸಬೇಡ, ಪೇಜಲ್ಲಿ ಇರೋದನ್ನೇ ತಗೋ ಅನ್ನೋ ಪಟ್ಟಿ) ಲೋಡ್ಯಾಶ್ ಎದುರಿಗೆ '_' ಅಂತ, ಅಂದರೆ ಪೇಜಲ್ಲಿ ಅದರ ಗ್ಲೋಬಲ್ ಹೆಸರು, ಬರೀರಿ, ಆಯ್ತು. ಆದರೆ ಬರೀ ಸೈಜ್ ಇಳಿಸೋಕೆ ಅಂತಾದರೆ ದಯವಿಟ್ಟು ಬೇಡ. ಇದೇ ಒಂದು ಸಾಲಿಗೆ ನಾನು ಎರಡು ರಾತ್ರಿ ನಿದ್ದೆ ಕೆಟ್ಟಿದ್ದೀನಿ.

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಗೆ ಮೆಕ್ಕೆಜೋಳದ ಲೆಕ್ಕದ ಪೇಜ್ ಮಾಡಿಕೊಟ್ಟಿದ್ದೆ. ಚೀಲದ ತೂಕ ಹಾಕ್ತಾ ಹೋದರೆ ಕೆಳಗೆ ಒಟ್ಟು ಕ್ವಿಂಟಾಲ್ ಬರಬೇಕು. ಕೂಡೋ ಕೆಲಸ ಲೋಡ್ಯಾಶಿನ ಸಮ್‌ಬೈದು. ನನ್ನ ಲ್ಯಾಪ್‌ಟಾಪಲ್ಲಿ ಒಂದು ಸಲವೂ ತಪ್ಪಲಿಲ್ಲ. ಸುಗ್ಗಿಯಲ್ಲಿ ಯಜಮಾನ್ರು ಫೋನ್ ಮಾಡಿದರು: "ಏನಪ್ಪಾ, ಟೋಟಲ್ಲೇ ಬರ್ತಿಲ್ಲ, ಲಾರಿ ನಿಂತೈತಿ!" ಹೋಗಿ ನೋಡಿದರೆ ಒಮ್ಮೆ ಬರುತ್ತೆ, ರಿಫ್ರೆಶ್ ಮಾಡಿದರೆ ಇಲ್ಲ. ಕನ್ಸೋಲಲ್ಲಿ ಕೆಂಪಗೆ, ಸಮ್‌ಬೈ ಅನ್ನೋದು ಫಂಕ್ಷನ್ನೇ ಅಲ್ಲ ಅಂತ.

ತಪ್ಪು ಎಲ್ಲಿತ್ತು ಅಂದರೆ, ಆ ಪೇಜಲ್ಲಿ ಮೊದಲೇ ಒಂದು ಹಳೇ ಫೋಟೋ ಗ್ಯಾಲರಿ ಇತ್ತು, ಅದು ಅಂಡರ್‌ಸ್ಕೋರ್ ಲೈಬ್ರರಿ ಎಳೆದುಕೊಂಡು ಬರ್ತಿತ್ತು. ಅದೂ ಕೂರೋದು '_' ಮೇಲೇ. ಅದರಲ್ಲಿ ಸಮ್‌ಬೈ ಇಲ್ಲ. ಅದರ ಮೇಲೆ ನಾನು, ಪೇಜ್ ಬೇಗ ತೆರೀಲಿ ಅಂತ, ಗ್ಯಾಲರಿಗೂ ನನ್ನ ಬಂಡಲ್‌ಗೂ ಅಸಿಂಕ್ ಹಾಕಿದ್ದೆ. ಅಸಿಂಕ್ ಇದ್ದರೆ ಸಾಲು ಅನ್ನೋದೇ ಇರಲ್ಲ, ಯಾವುದು ಮೊದಲು ಇಳಿಯುತ್ತೋ ಅದು ಮೊದಲು ಓಡುತ್ತೆ. ಬಂಡಲ್ ಓಡೋ ಕ್ಷಣದಲ್ಲಿ '_' ಒಳಗೆ ಯಾರಿದ್ದಾರೋ ಅವರನ್ನೇ ವೆಬ್‌ಪ್ಯಾಕ್ ಹಿಡಿದುಕೊಳ್ಳುತ್ತೆ. ನನ್ನ ಆಫೀಸಲ್ಲಿ ಬಂಡಲ್ ಮೊದಲು ಬರ್ತಿತ್ತು, ಲೋಡ್ಯಾಶ್ ಸಿಗ್ತಿತ್ತು. ಮಂಡಿಯ ಮೊಬೈಲ್ ನೆಟ್ಟಲ್ಲಿ ಅಂಡರ್‌ಸ್ಕೋರ್ ಮೊದಲು. ಇಂಪೋರ್ಟ್ ಅಂತ ಬರೆದಾಗ ಇಂಥದ್ದೇ ಬೇಕು ಅಂತ ಹೇಳಿರ್ತೀವಿ. ಗ್ಲೋಬಲ್ ಮಾಡಿದ ಮೇಲೆ ಬರೀ ಹೆಸರು ಉಳಿಯುತ್ತೆ, ಆ ಹೆಸರಲ್ಲಿ ಯಾರು ಬೇಕಾದರೂ ಬಂದು ಕೂರಬಹುದು. ಬಿಲ್ಡ್ ಮಾತ್ರ ಒಂದು ಎಚ್ಚರಿಕೆಯನ್ನೂ ಕೊಡಲ್ಲ.

ಇದೇ ಜಗಳ ತಪ್ಪಿಸೋಕೆ ವರ್ಡ್‌ಪ್ರೆಸ್‌ನವರು ನೋಕಾನ್‌ಫ್ಲಿಕ್ಟ್ ('_' ಹೆಸರನ್ನು ಮೊದಲಿದ್ದವರಿಗೇ ಬಿಟ್ಟುಕೊಡೋ ಫಂಕ್ಷನ್) ಕರೆದು, ತಮ್ಮ ಲೋಡ್ಯಾಶನ್ನು ವಿಂಡೋ ಮೇಲೆ 'ಲೋಡ್ಯಾಶ್' ಅನ್ನೋ ಹೆಸರಲ್ಲೇ ಇಡ್ತಾರೆ.

ಇಡೀ ಲೋಡ್ಯಾಶ್ ಜಿಜಿಪ್ ಆದಮೇಲೆ, ಅಂದರೆ ಒತ್ತಿ ಸಣ್ಣ ಮಾಡಿದಮೇಲೆ, ಸುಮಾರು 24 ಕೆಬಿ. ನೀವು ಬಳಸೋ ಫಂಕ್ಷನ್ ಎಷ್ಟು, ಎಣಿಸಿ ನೋಡಿ. ಎರಡೋ ಮೂರೋ ಇದ್ದರೆ ಅವನ್ನಷ್ಟೇ ಇಂಪೋರ್ಟ್ ಮಾಡಿ. ಒಂದೇ ಪೇಜಲ್ಲಿ ಹತ್ತು ವಿಜೆಟ್ ಒಂದೇ ಲೈಬ್ರರಿ ಹಂಚಿಕೊಳ್ಳೋದಾದರೆ ಮಾತ್ರ ಗ್ಲೋಬಲ್ ಸರಿ. ಆಗಲೂ ಅಸಿಂಕ್ ಬೇಡ, ಡಿಫರ್ ಹಾಕಿ, ಅದು ಸ್ಕ್ರಿಪ್ಟ್‌ಗಳನ್ನು ಪೇಜಲ್ಲಿ ಬರೆದ ಸರದಿಯಲ್ಲೇ ಓಡಿಸುತ್ತೆ. ರಿಯಾಕ್ಟ್‌ಗೂ ಹೀಗೇ ಮಾಡೋ ಯೋಚನೆ ಇದ್ದರೆ, 19ನೇ ಆವೃತ್ತಿಯಿಂದ ಅದರ ಯುಎಂಡಿ ಫೈಲೇ (ಗ್ಲೋಬಲ್ ಆಗಿ ಪೇಜಿಗೆ ಹಾಕೋ ಫೈಲು) ಬರಲ್ಲ.

ನಾನು ಎಕ್ಸ್‌ಟರ್ನಲ್ಸ್ ಸಾಲು ಅಳಿಸಿ, ಸಮ್‌ಬೈ ಜಾಗದಲ್ಲಿ ಜಾವಾಸ್ಕ್ರಿಪ್ಟ್‌ನದೇ ಒಂದು ರೆಡ್ಯೂಸ್ ಬರೆದೆ. ಅವತ್ತು ಸಂಜೆಯೇ ಲಾರಿ ಹೊರಟಿತು.