ಒಳಬಾಗಿಲುಗಳಿಗೆ ಯಾವ ಪಾಲಿಶ್ ಮಾಡಿಸಬೇಕು?

ಪ್ರಶ್ನೆ: ತೀರ್ಥಹಳ್ಳಿಯ ಬಳಿ ಹೊಸ ಮನೆ ಕಟ್ಟಿಸಿದ್ದೇವೆ. ಒಳಗಿನ ಐದೂ ಬಾಗಿಲುಗಳು ಸಾಗುವಾನಿಯವು. ಫ್ರೆಂಚ್ ಪಾಲಿಶ್ ಸಾಕೆಂದು ಆಚಾರಿಯವರು, ಮೆಲಮೈನ್ ಒಳ್ಳೆಯದೆಂದು ಅಂಗಡಿಯವರು, ಪಿಯು (ಪಾಲಿಯುರೆಥೇನ್) ಬಿಟ್ಟು ಬೇರೇನೂ ನಿಲ್ಲದೆಂದು ಬಣ್ಣದ ಕೆಲಸದವರು ಹೇಳುತ್ತಿದ್ದಾರೆ. ಹಳೆಯ ಮನೆಯಲ್ಲಿ ಮಳೆಗಾಲ ಬಂತೆಂದರೆ ಬಾಗಿಲುಗಳು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದ್ದವು. ಇಲ್ಲಿಯೂ ಹಾಗಾಗದಂತೆ ಯಾವುದನ್ನು ಆರಿಸಬೇಕು?
— ಓದುಗರೊಬ್ಬರು

ಉತ್ತರ: ಐದೂ ಬಾಗಿಲುಗಳಿಗೆ ಒಂದೇ ಪಾಲಿಶ್ ಆಗಬೇಕೆಂದೇನೂ ಇಲ್ಲ. ನೀರು ಸಿಡಿಯುವ ಬಚ್ಚಲುಮನೆಯ ಬಾಗಿಲಿಗೂ ಎಣ್ಣೆಕೈ ತಾಗುವ ಅಡುಗೆಮನೆಯ ಬಾಗಿಲಿಗೂ ಪಿಯು ಮಾಡಿಸಿರಿ. ಅದರ ಪದರ ಗಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿದರೂ ಕೆಡುವುದಿಲ್ಲ. ಆದರೆ ಆಳವಾದ ಗೀರು ಬಿದ್ದರೆ ಅಷ್ಟನ್ನೇ ತಿದ್ದುವುದು ಕಷ್ಟ, ಇಡೀ ಹಲಗೆಯನ್ನೇ ಉಜ್ಜಬೇಕಾಗುತ್ತದೆ. ಮೆಲಮೈನ್ ಖರ್ಚಿನಲ್ಲಿ ಹಗುರ, ನೋಟಕ್ಕೂ ಚೆನ್ನ. ಅದರ ಕಟುವಾಸನೆ ಕೆಲವು ದಿನ ಹೋಗದಿರುವುದರಿಂದ ಎಳೆಯ ಮಕ್ಕಳು ಮಲಗುವ ಕೋಣೆಗೆ ನಾನು ಅದನ್ನು ಹೇಳಲಾರೆ.

ಮಲಗುವ ಕೋಣೆಗಳಿಗೂ ದೇವರ ಮನೆಗೂ ನಿಮ್ಮ ಆಚಾರಿಯವರ ಮಾತೇ ಸರಿ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ ಫ್ರೆಂಚ್ ಪಾಲಿಶ್. ಅದರ ಮೇಲೆ ನೀರು ನಿಂತರೆ ಬಿಳಿಯ ಕಲೆ ಬೀಳುತ್ತದೆ ಎಂಬುದು ನಿಜವಾದರೂ, ಗಾಳಿಯಲ್ಲಿನ ತೇವ ಮರದೊಳಕ್ಕೆ ಇಳಿಯದಂತೆ ತಡೆಯುವುದರಲ್ಲಿ ಅರಗು ಹೊಸ ಪಾಲಿಶ್‌ಗಳಿಗೆ ಸೋಲುವುದಿಲ್ಲ. ಹೊಸದಾಗಿ ಬಳಿದ ಅರಗು ಹಳೆಯ ಪದರವನ್ನು ಕರಗಿಸಿಕೊಂಡು ಬೆರೆಯುವುದರಿಂದ, ಹತ್ತು ವರ್ಷದ ಮೇಲೂ ಮಾಸಿದ ಜಾಗಕ್ಕಷ್ಟೇ ಬಟ್ಟೆಯುಂಡೆಯಿಂದ ಒರೆಸಿ ಹೊಳಪು ತರಬಹುದು. ಸ್ಪಿರಿಟ್ ಥಟ್ಟನೆ ಹೊತ್ತಿಕೊಳ್ಳುವಂಥದು. ಕೆಲಸ ನಡೆಯುವಾಗ ದೇವರ ಮನೆಯಲ್ಲಿ ದೀಪ ಉರಿಯುತ್ತಿರಬಾರದು.

ಇನ್ನು ಬಾಗಿಲು ಕಚ್ಚಿಕೊಳ್ಳುವ ವಿಷಯ. ಮರವು ತೇವ ಹೀರಿದಾಗ ಉಬ್ಬುವುದು ಅಗಲಕ್ಕೇ ಹೊರತು ಉದ್ದಕ್ಕೆ ಅಷ್ಟಾಗಿ ಅಲ್ಲ, ಮತ್ತು ತೇವವನ್ನು ಅತಿ ಬೇಗ ಹೀರುವುದು ಎಳೆ ಕತ್ತರಿಸಿದ ತುದಿಗಳು. ಬಾಗಿಲಿನ ನಿಲುವುಪಟ್ಟಿಗಳ ಆ ತುದಿಗಳು ಇರುವುದು ತಲೆಯಲ್ಲಿ ಮತ್ತು ಬುಡದಲ್ಲಿ, ಅಂದರೆ ಯಾರ ಕಣ್ಣಿಗೂ ಬೀಳದ ಕಡೆ. ನಮ್ಮ ಮನೆಯಲ್ಲಿ ಒಂದು ಬಾಗಿಲನ್ನು ಮೂರು ಮಳೆಗಾಲ ಕೀಸಿಸಿದ ಮೇಲೆ, ನೆಲದ ಮೇಲೆ ಕೈಗನ್ನಡಿಯಿಟ್ಟು ಟಾರ್ಚ್ ಬಿಟ್ಟು ನೋಡಿದೆ: ಮುಖವೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದ ಆ ಬಾಗಿಲಿನ ಬುಡದಲ್ಲಿ ಗರಗಸದ ಗುರುತು ಹಾಗೆಯೇ ಇತ್ತು, ಒಂದು ಹನಿ ಪಾಲಿಶ್ ತಾಗಿರಲಿಲ್ಲ. ಯಾವ ಪಾಲಿಶ್ ಕೂಡ ತೇವವನ್ನು ಪೂರ್ತಿ ತಡೆಯಲಾರದು, ನಿಧಾನಿಸಬಲ್ಲದು ಅಷ್ಟೆ. ಆ ನಿಧಾನವೂ ಆರೂ ಮೈಗಳಿಗೆ ಸಮನಾಗಿ ಬಳಿದಾಗ ಮಾತ್ರ ಸಿಗುತ್ತದೆ. ಒಂದು ಮಗ್ಗುಲಿಗಷ್ಟೇ ಬಳಿದರೆ ಹಲಗೆ ಸೊಟ್ಟಗಾಗುವುದೂ ಉಂಟು.

ಆದ್ದರಿಂದ ಬಾಗಿಲುಗಳನ್ನು ಮೊದಲು ಕೂರಿಸಿ, ಸಂದು ನೋಡಿ, ಚಿಲಕ ಮತ್ತು ಬೀಗದ ತೂತುಗಳನ್ನೆಲ್ಲ ಕೊರೆಸಿ, ಬಳಿಕ ಬಿಚ್ಚಿ ಅಡ್ಡಲಾಗಿ ಮಲಗಿಸಿಯೇ ಪಾಲಿಶ್ ಮಾಡಿಸಿರಿ. 120, 180, 220 ನಂಬರಿನ ಎಮರಿ ಕಾಗದಗಳನ್ನು ಇದೇ ಕ್ರಮದಲ್ಲಿ, ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಸಾಗುವಾನಿಯಲ್ಲಿ ಸಹಜವಾದ ಎಣ್ಣೆಯಂಶ ಇರುವುದರಿಂದ, ಪಿಯು ಅಥವಾ ಮೆಲಮೈನ್ ಬಳಿಯುವ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸದಿದ್ದರೆ ಪದರ ಸರಿಯಾಗಿ ಹಿಡಿಯುವುದಿಲ್ಲ. ಈ ಎರಡನ್ನೂ ಬಳಿಯುವಾಗ ಕಿಟಕಿಗಳು ತೆರೆದಿರಲಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿಸಿರಿ.

ನಿಮ್ಮ ಊರಿನಲ್ಲಿ ಈ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಬೇಕು, ಇಲ್ಲವೇ ದೀಪಾವಳಿ ಕಳೆದು ಹವೆ ಒಣಗುವವರೆಗೆ ಕಾಯಬೇಕು. ತೇವದ ದಿನ ಬಳಿದ ಅರಗು ಬಿಳಿಚಿಕೊಳ್ಳುತ್ತದೆ. ಮುಂದೆಂದಾದರೂ ಅಂಚನ್ನು ಕೀಸಬೇಕಾಗಿ ಬಂದರೆ, ಪಾಲಿಶ್ ಹೋಗಿ ಬರಿದಾದ ಆ ಮರಕ್ಕೆ ಅಂದೇ ಪಾಲಿಶ್ ಹಚ್ಚಿಸಿರಿ.