ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್‌ನಲ್ಲಿ ‘ಪ್ರಿವೊಟೆಲ್ಲಾ ಜಾಸ್ತಿ’ ಅಂತ ಬಂದಿದೆ, ಗಾಬರಿಯಾಗಬೇಕಾ?

ಅಷ್ಟಕ್ಕೇ ಗಾಬರಿ ಬೇಡ. ರಾಗಿ, ಅನ್ನ, ಬೇಳೆ, ಸೊಪ್ಪು ಜಾಸ್ತಿ ತಿನ್ನುವವರ ಕರುಳಿನಲ್ಲಿ ಪ್ರಿವೊಟೆಲ್ಲಾ ಅನ್ನುವ ಈ ಬ್ಯಾಕ್ಟೀರಿಯಾ ಹೆಚ್ಚಿರುವುದು ಮಾಮೂಲು. ರಿಪೋರ್ಟ್‌ನಲ್ಲಿ ಕೆಂಪು ಗುರುತು ಇದ್ದರೆ, ಯಾರ ಜೊತೆ ಹೋಲಿಸಿದ್ದಾರೆ ಅಂತ ಮೊದಲು ನೋಡಿ. ಅಲ್ಲಿರುವುದು ಸಾಮಾನ್ಯವಾಗಿ ಶೇಕಡಾವಾರು ಪಾಲು, ಎಣಿಕೆಯಲ್ಲ. ಒಂದು ಬ್ಯಾಕ್ಟೀರಿಯಾ ಕಮ್ಮಿಯಾದರೆ ಉಳಿದವು ಬೆಳೆಯದಿದ್ದರೂ ‘ಜಾಸ್ತಿ’ ಕಾಣುತ್ತವೆ. ಶುಗರ್ ಟೆಸ್ಟ್‌ಗೆ ಇರುವಂಥ, ಎಲ್ಲರೂ ಒಪ್ಪಿದ ‘ನಾರ್ಮಲ್’ ಅಂಕಿ ಇದಕ್ಕೆ ಇನ್ನೂ ಇಲ್ಲ. ಒಂದೇ ಸ್ಯಾಂಪಲ್ ಎರಡು ಲ್ಯಾಬಿಗೆ ಕೊಟ್ಟರೆ ಎರಡು ಥರ ಫಲಿತಾಂಶ ಬರಬಹುದು.

ರಿಪೋರ್ಟ್ ಜೊತೆಗೇ ಮಾರುವ ಪ್ರೋಬಯಾಟಿಕ್ (ಜೀವಂತ ‘ಒಳ್ಳೆಯ’ ಬ್ಯಾಕ್ಟೀರಿಯಾ) ಡಬ್ಬಿಗೆ ನಾನಂತೂ ದುಡ್ಡು ಸುರಿಯುವುದಿಲ್ಲ. ಮನೆ ಮಜ್ಜಿಗೆ, ಕಾಳು, ತರಕಾರಿ ಸಾಕು. ನಾರಿನಂಶ ಮಾತ್ರ ನಿಧಾನವಾಗಿ ಹೆಚ್ಚಿಸಿ. ಒಂದೇ ದಿನ ಎರಡು ಬಟ್ಟಲು ಹುರುಳಿಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತೆ, ಅಲ್ವಾ? ಮಲದಲ್ಲಿ ರಕ್ತ ಬಂದರೆ ಅಥವಾ ಸುಮ್ನೆ ತೂಕ ಇಳಿಯುತ್ತಿದ್ದರೆ ಈ ರಿಪೋರ್ಟ್ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಹೋಗಿ.